ಮೊಳ ಆಳದ ನೇಗಿಲು

9 ಏಪ್ರಿಲ್ 1946, ಮಂಗಳವಾರ. ಕುರಕುಂಟಾ.

ದೊಡ್ಡ ನೇಗಿಲೋ, ಮೇಲ್ಮಣ್ಣಷ್ಟೇ ಕೆದಕುವ ತಟ್ಟೆ ಕುಂಟೆಯೋ? ಟ್ರ್ಯಾಕ್ಟರ್ ಜೊತೆ ಒಂದನ್ನೇ ಕಳಿಸುವುದಾಗಿ ಹೈದರಾಬಾದಿನ ಅಂಗಡಿಯವರು ಬರೆದಿದ್ದಾರೆ. ಬೆಳಿಗ್ಗೆಯೇ ನೇಗಿಲು ಬೇಕೆಂದು ಉತ್ತರ ಬರೆದಿಟ್ಟೆ. ಮೊಳ ಆಳಕ್ಕೆ ಇಳಿದು ಕೆಳಗಿನ ಹೊಲದ ಕರಿಕೆ ಹುಲ್ಲನ್ನು ಬೇರುಸಮೇತ ಕೀಳುತ್ತದಂತೆ. ಅದರ ಚಿತ್ರವನ್ನು ಎಷ್ಟು ಸಲ ಬಿಚ್ಚಿ ನೋಡಿದೆನೋ, ಹಾಳೆ ಮಡಿಕೆಯಲ್ಲೇ ಹರಿದಿದೆ.

ಸಂಜೆ ಅಂಬಾರಾಯ ಬಂದ. ಊರಲ್ಲಿ ಯಾರು ತೀರಿಕೊಂಡರೂ ಅವರವರ ಹೊಲದಲ್ಲಿ ಕುಣಿ ತೋಡುವವನು ಅವನೇ. ಅವನಿಗೂ ಚಿತ್ರ ತೋರಿಸಿದೆ.

"ಎಷ್ಟ ಆಳ ಹೋಗ್ತದರಿ ಗೌಡ್ರೆ?"

"ಮೊಳ."

"ಕೆಳಗಿನ ಹೊಲದಾಗ ಒಂದೂವರಿ ಗೇಣಿಗೇ ಪರಸಿ ಹಾಸುಗಲ್ಲ ಹತ್ತತದರಿ. ನಿಮ್ಮ ಅಪ್ಪಾರ ಕುಣಿ ತೋಡುವಾಗ ಮೂರು ಹಾಸು ಒಡದು ತೆಗದೀನಿ. ನೀವೂ ಅಲ್ಲೇ ನಿಂತಿದ್ರಿ."

ನಿಂತಿದ್ದೆ. ಹಾರೆ ಕಲ್ಲಿಗೆ ಬಡಿಯುವ ಸದ್ದು ಈಗಲೂ ಕಿವಿಯಲ್ಲಿದೆ. ಹೊತ್ತಾಯಿತೆಂದು ಅವನ ಮೇಲೆ ರೇಗಿದ್ದೆ. ಅಪ್ಪನನ್ನು ಒಳಗೆ ಕೂರಿಸುವಾಗ ನಾಲ್ಕೂ ಕಡೆ ಕಲ್ಲೇ ಇತ್ತು. ಹನ್ನೊಂದು ವರ್ಷ ಅದು ನೆನಪಿಗೇ ಬರಲಿಲ್ಲ.

ಆ ಹೊಲಕ್ಕೆ ಅಪ್ಪ ಕೊನೆಯವರೆಗೂ ಕುಂಟೆಯನ್ನಷ್ಟೇ ಹೊಡೆಸಿದರು. ಅದನ್ನು ಅಂಜುಬುರುಕತನ ಎಂದಿದ್ದೆ, ಅವರ ಎದುರಿಗೇ. ಅವರು ಎಲೆ ಅಡಿಕೆ ಹಾಕಿಕೊಂಡಿದ್ದರು.

ಬೆಳಗಿನ ಪತ್ರ ಹರಿದೆ. ಕುಂಟೆ ಕಳಿಸಿರಿ ಎಂದು ಬೇರೆ ಬರೆದೆ. ಅಂಗಡಿಯವರಿಗೆ ಕಾರಣ ಬೇಕಿಲ್ಲ. ಆದರೂ ಕೆಳಗೊಂದು ಸಾಲು ಸೇರಿಸಿದೆ: ಈ ಹೊಲ ನಮ್ಮ ತಂದೆಯವರಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.