ಏಳು ಗಂಟೆಯ ಫೋನು

ಜನವರಿ ೯, ೧೯೯೯, ಶನಿವಾರ

ಇವರ ಫೋನ್ ಇವತ್ತೂ ಬರಲಿಲ್ಲ ಅಂತ ಬರೆದರೆ ಸುಳ್ಳಾಗುತ್ತೆ.

ಫ್ರೀಟೌನಿಗೆ ಬಂಡುಕೋರರು ನುಗ್ಗಿ ನಾಲ್ಕು ದಿನವಾಯಿತು. ಗಾಯಾಳುಗಳನ್ನು ಬಿಟ್ಟು ಬರೋಲ್ಲ ಅಂತ ಇವರು ಅಲ್ಲಿನ ಆಸ್ಪತ್ರೆಯಲ್ಲೇ ಉಳಿದಿದ್ದಾರೆ. ಇಲ್ಲಿನ ಟಿವಿಗೆ ಅದು ಆಫ್ರಿಕಾದ ಯಾವುದೋ ರಾಜಧಾನಿ, ಅರ್ಧ ನಿಮಿಷದ ಸುದ್ದಿ.

ಕನ್ನಡ ಕೂಟದಲ್ಲಿ ವಿಷಯ ಹಬ್ಬಿ, ಸಂಜೆಯಿಂದ ಒಬ್ಬರಾದ ಮೇಲೊಬ್ಬರು ಫೋನ್ ಮಾಡಿದರು. ಎಲ್ಲರದ್ದೂ ಒಂದೇ ಪ್ರಶ್ನೆ: "ಡಾಕ್ಟರ ಫೋನ್ ಬಂತಾ?" ಆರೂವರೆಗೆ ಮಾಡಿದ ಲಲಿತಾಂಬ ಆಂಟಿಯಂತೂ ಮುಕ್ಕಾಲು ಗಂಟೆ ಬಿಡಲಿಲ್ಲ. ತುಪ್ಪದ ದೀಪ ಹಚ್ಚು ಅಂದರು. ಆಮೇಲೆ ಸಂಕ್ರಾಂತಿಗೆ ಎಳ್ಳು ಹುರಿಯೋದು, ಕೊಬ್ಬರಿ ಹೆಚ್ಚೋದು. ದೊಡ್ಡವರು, ಫೋನ್ ಇಡ್ತೀನಿ ಅನ್ನೋಕೆ ಬಾಯಿ ಬರಲಿಲ್ಲ. ನಿಜ ಹೇಳಬೇಕಂದ್ರೆ, ಮನೆಯಲ್ಲಿ ಒಂದು ದನಿ ಇರಲಿ ಅಂತ ನಾನೇ ಮಾತು ಬೆಳೆಸಿದೆ.

ಒಂಬತ್ತಕ್ಕೆ, ಇವರನ್ನು ಕಳಿಸಿದ ಸಂಸ್ಥೆಯ ಹುಡುಗಿ ಫೋನ್ ಮಾಡಿದಳು. ಏಳು ಗಂಟೆಗೆ ಇವರ ಕೈಗೆ ಸ್ಯಾಟಲೈಟ್ ಫೋನು ಹತ್ತು ನಿಮಿಷ ಸಿಕ್ಕಿತ್ತಂತೆ. ಮನೆಗೆ ಮಾಡಿದಾಗಲೆಲ್ಲ ಲೈನ್ ಬಿಜಿ. ಕೊನೆಗೆ ಅವಳ ಆಫೀಸಿಗೆ ಮಾಡಿ, "ಯಾರ ಜೊತೆಗೋ ಮಾತಾಡ್ತಿದ್ದಾಳೆ. ಸದ್ಯ, ಒಬ್ಬಳೇ ಇಲ್ಲ" ಅಂದರಂತೆ.

ಆಮೇಲೆ ಯಾರ ಫೋನೂ ಬಂದಿಲ್ಲ.