ಕಡೇ ಬೆಂಚಿಗೆ ಕೇಳಿದ ಜೋಗುಳ

ರಾಯಚೂರು,
೧೨ ಫೆಬ್ರುವರಿ ೧೯೪೪

ಚಿರಂಜೀವಿ ಗುರುಶಾಂತಿಗೆ ತಾಯಿಯ ಆಶೀರ್ವಾದ. ಕಂಪನಿಯವರೆಲ್ಲ ಕ್ಷೇಮ.

ನಮ್ಮ ನಾಟಕ ಕಂಪನಿಯಿಂದ ನನ್ನನ್ನು ಬಿಟ್ಟುಬಿಡು, ಮದರಾಸಿನಲ್ಲಿ ಸಿನಿಮಾದಲ್ಲೇ ಉಳಿಯುತ್ತೇನೆ ಎಂದು ನೀನು ಕೇಳಿದ್ದೆ. ನಾನು ಉತ್ತರ ಬರೆಯಲಿಲ್ಲ. ಮಾನ್ವಿಯಲ್ಲಿ ಥೇಟರು ಹಾಕಿಯಾಗಿದೆ, ಆಮೇಲೆ ದೇವದುರ್ಗ. ರಾಣಿಯ ಪಾತ್ರಕ್ಕೆ ನೀನಿಲ್ಲದೆ ಪರದೆ ಏಳುವುದು ಹೇಗೆ? ಕರೆಸಿಕೊಳ್ಳುವುದೇ ಸರಿ ಎಂದುಕೊಂಡಿದ್ದೆ. ನಮ್ಮ ನಾಟಕವನ್ನು ನಿನ್ನ ಸಿನಿಮಾದವರು ಎಷ್ಟು ಕೆಡಿಸಿದ್ದಾರೆ ಎಂದು ನೋಡಿ ಬರೆಯೋಣವೆಂದು, ಹಾರ್ಮೋನಿಯಂ ಪೆಟ್ಟಿಗೆ ಬಾರಿಸುವ ಮಲಂಗಸಾಬರನ್ನು ಕರೆದುಕೊಂಡು ನಿನ್ನೆ ಟಾಕೀಸಿಗೆ ಹೋದೆ. ಹೆಂಗಸರ ಕಡೆ ಬೇಕೆಂದೇ ಕಡೇ ಬೆಂಚಿನಲ್ಲಿ ಕೂತೆ.

ಜಾಲಹಳ್ಳಿಯಲ್ಲಿ ನಿನ್ನ ಅಜ್ಜ ದೊಡ್ಡಾಟ ಆಡುವಾಗ ಜಗಳ, ಯುದ್ಧ ಎಲ್ಲವೂ ಹಾಡು. ಮಾತು ಬಂದರೂ ರಾಗದಲ್ಲೇ ಬರುತ್ತಿತ್ತು. ನಮ್ಮ ಕಂಪನಿಯಲ್ಲಿ ಮಾತು ಸಾಲದೆ ಹೋದಾಗ ಹಾಡು. ಎರಡಕ್ಕೂ ನಿಯಮ ಒಂದೇ: ಹೊರಗೆ ಬಂಡಿ ಬಿಟ್ಟು ಕೂತವನಿಗೂ ದನಿ ಮುಟ್ಟಬೇಕು. ಬೈದು ಬೈದು ಕಲಿಸಿದ್ದೇನೆ. ರಾಣಿ ಮಗುವನ್ನು ಮಲಗಿಸುವಾಗಲೂ ನೀನು ಗಂಟಲು ಹರಿದು ಹಾಡಿದ್ದೀಯ. ಅಷ್ಟು ಕೂಗಿದರೆ ಯಾವ ಕೂಸು ಮಲಗುತ್ತದೆ ಎಂದು ಯಾರೂ ಕೇಳಲಿಲ್ಲ.

ನಿನ್ನೆ ಟಾಕೀಸಿನಲ್ಲೂ ಅದೇ ರಾಣಿ, ಅದೇ ಜೋಗುಳ. ನಿನ್ನ ಮುಖ ಗೋಡೆಯಷ್ಟು ದೊಡ್ಡದಾಗಿ ಬಂತು. ತುಟಿ ಅಲುಗಿತೋ ಇಲ್ಲವೋ. ಉಸಿರಿಗಿಂತ ತುಸು ಹೆಚ್ಚು, ಅಷ್ಟೇ ದನಿ. ಸಾಲಿನ ನಡುವೆ ನೀನು ಉಗುಳು ನುಂಗಿದ್ದು ನನ್ನ ಬೆಂಚಿಗೆ ಕೇಳಿತು. ಗುಂಜಹಳ್ಳಿಯ ಹೆಂಗಸೊಬ್ಬಳು, "ಸುಮ್ಕಿರ್ರೆವ್ವಾ, ಕೂಸಿಗಿ ಎಚ್ಚರಾದೀತು" ಎಂದು ನಮ್ಮನ್ನೆಲ್ಲ ಗದರಿಸಿದಳು. ಪರದೆಯ ಮೇಲಿನ ಕೂಸಿಗೆ. ಯಾರೂ ನಗಲಿಲ್ಲ. ನಾನೂ ಉಸಿರು ಹಿಡಿದೆ.

ನಿನ್ನ ದನಿಯನ್ನು ಮಾಡಿದವಳು ನಾನೇ ಎಂದು ಊರೂರಲ್ಲಿ ಹೇಳಿಕೊಂಡಿದ್ದೇನೆ. ಈ ದನಿಯನ್ನು ನಾನು ಎಂದೂ ಕೇಳಿರಲಿಲ್ಲ. ನಮ್ಮ ಥೇಟರಿನಲ್ಲಿ ಅದಕ್ಕೆ ಜಾಗವಿಲ್ಲ.

ಹೊರಗೆ ಬಂದಾಗ ಮಲಂಗಸಾಬರು, "ಏನ್ರೀ ಅವ್ವಾರ, ತಪ್ಪು ಸಿಕ್ಕುವೇನು?" ಎಂದು ಚುಚ್ಚಿದರು. ಸೆರಗು ಹೊದ್ದದ್ದು ಸರಿಯಿಲ್ಲ ಎಂದೆ. ಅದನ್ನು ತಿದ್ದಿಕೋ.

ಕಂಪನಿಯಿಂದ ನಿನ್ನನ್ನು ಬಿಟ್ಟಿದ್ದೇನೆ. ಅಲ್ಲೇ ಇರು. ಅಳುತ್ತ ಉತ್ತರ ಬರೆಯಬೇಡ, ನಿನ್ನ ಅಕ್ಷರ ಮೊದಲೇ ಚೆನ್ನಾಗಿಲ್ಲ.

ಇಂತಿ ನಿನ್ನ ತಾಯಿ,
ಬಸವಂತಮ್ಮ

ತಾ.ಕ.: ಮಾನ್ವಿಯ ಚಿಂತೆ ಬೇಡ. ರಾಣಿಯ ಪಾತ್ರ ನಾನೇ ಮಾಡುತ್ತೇನೆ. "ಐವತ್ತಕ್ಕ ರಾಣಿ ಏನ್ರೀ?" ಎಂದ ಮಲಂಗಸಾಬರಿಗೆ ಸುಮ್ಮನೆ ಪೆಟ್ಟಿಗೆ ಬಾರಿಸಿರಿ ಎಂದಿದ್ದೇನೆ. ನಿನ್ನ ಕುಪ್ಪಸಗಳ ಹೊಲಿಗೆ ಬಿಚ್ಚಿಸಿ, ನನ್ನ ಅಳತೆಗೆ ಅಗಲ ಮಾಡಿಸಿಯಾಯಿತು.