ಭವ್ಯಶ್ರೀಯ ಕಾಲು

ನವೆಂಬರ್ 4, ಮಂಗಳವಾರ
ಥೀಸಿಸ್‌ನ ಮೂರನೇ ಅಧ್ಯಾಯ, ಏಳನೇ ಸಲ ಓದಿದ್ದು. ಕಣ್ಣು ಉರಿ. ಡಿಸೆಂಬರ್ 2ಕ್ಕೆ ವೈವಾ. ಎಲ್ಲರಿಗೂ ಅರ್ಥವಾಗುವ ಸ್ಲೈಡ್ ಒಂದು ಬೇಕಂತೆ. ಬರೆದೆ — ಕ್ವಾಂಟಮ್‌ನಲ್ಲಿ ಸ್ಥಾನ ಮೊದಲೋ ಸಂವೇಗ ಮೊದಲೋ ಎಂಬುದರ ಮೇಲೆ ಗುಣಲಬ್ಧ ಬದಲಾಗುತ್ತದೆ. ಎರಡನ್ನೂ ಒಂದೇ ನಕ್ಷೆಯಲ್ಲಿಟ್ಟು ಲೆಕ್ಕ ಮಾಡಲು ಮಾಮೂಲು ಗುಣಾಕಾರ ಸಾಲದು, ನಕ್ಷತ್ರ ಗುಣಾಕಾರ ಬೇಕು. ಆರು ವರ್ಷ ಹಾಗೆ ಲೆಕ್ಕ ಹಾಕಿ ಕಂಡುಕೊಂಡದ್ದು: ಶಕ್ತಿಯ ಏರಿಳಿತವನ್ನು ಎಷ್ಟೇ ತಗ್ಗಿಸಿದರೂ ಕಾಲು ಉಳಿಯುತ್ತದೆ. 0.25. ಗೈಡ್ ಉಮಾನಾಥ ಸರ್ ಅದಕ್ಕೆ "ಭವ್ಯಶ್ರೀಯ ಕಾಲು" ಎಂದು ಹೆಸರಿಟ್ಟಿದ್ದಾರೆ. ಕೆಳಗಿನ ಲ್ಯಾಬ್‌ನಲ್ಲಿ ಬ್ರಯಾನ್ ಎರಡು ವರ್ಷದಿಂದ ಅದನ್ನೇ ಅಳೆಯಲು ಒದ್ದಾಡುತ್ತಿದ್ದಾನೆ. ಸಿಕ್ಕಿಲ್ಲ.

ನವೆಂಬರ್ 9, ಭಾನುವಾರ
ಸ್ಲೈಡಿಗೆಂದು ಅತಿ ಸುಲಭದ ಉದಾಹರಣೆ ಹಾಕಿ ಕೋಡ್ ಓಡಿಸಿದೆ. ಒಂದು ಸಾದಾ ಸ್ಪ್ರಿಂಗ್, ತೀರಾ ಕೆಳಗಿನ ಶಕ್ತಿಮಟ್ಟದಲ್ಲಿ. ಅಲ್ಲಿ ಶಕ್ತಿಯ ಏರಿಳಿತ ಸೊನ್ನೆ ಎಂದು ಬಿಎಸ್ಸಿ ಮಕ್ಕಳಿಗೂ ಗೊತ್ತು. ನನ್ನ ಕೋಡ್ ಕೊಟ್ಟದ್ದು 0.25. ಮೂರು ಸಲ ಓಡಿಸಿದೆ...

ನವೆಂಬರ್ 10
ಸಿಕ್ಕಿತು. ಸಾಲು 212. ನೋಟ್‌ಬುಕ್ಕಿನಲ್ಲಿ ನಕ್ಷತ್ರ ಬರೆದಿದ್ದೆ. ಕೋಡಿನಲ್ಲೂ ನಕ್ಷತ್ರವನ್ನೇ ಒತ್ತಿದ್ದೆ — ಕೀಬೋರ್ಡಿನ *. ಕಂಪ್ಯೂಟರಿಗೆ ಅದು ಬರೀ ಮಾಮೂಲು ಗುಣಾಕಾರ. ನಕ್ಷತ್ರದ ಬಗ್ಗೆ ನಲವತ್ತು ಪುಟ ಬರೆದವಳು ನಾನು! ಸರಿಪಡಿಸಿದೆ. ಸೊನ್ನೆ. ಥೀಸಿಸ್‌ನ ಲೆಕ್ಕಗಳನ್ನೆಲ್ಲ ಮತ್ತೆ ಹಾಕಿದೆ. ಎಲ್ಲದರಲ್ಲೂ ಕಾಲು ಮಾಯ. ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟು ಅತ್ತೆ.

ನವೆಂಬರ್ 17, ಪಡುಬಿದ್ರಿ
ಒಂದು ವಾರ. ಯಾರಿಗೂ ಹೇಳಿಲ್ಲ. ಜ್ವರ ಎಂದು ಮನೆಗೆ ಬಂದೆ. ಅಮ್ಮ ಹಣೆ ಮುಟ್ಟಿ ನೋಡಿದರು. "ದಾದ ಆಂಡ್ ಮಗಾ?" ಏನಾಯಿತೆಂದು ಯಾವ ಭಾಷೆಯಲ್ಲಿ ಹೇಳಲಿ? ಹಣೆ ತಣ್ಣಗಿತ್ತು. ಅವರು ಮತ್ತೆ ಕೇಳಲಿಲ್ಲ. ನಾಳೆ ಸರ್‌ಗೆ ಹೇಳಿಬಿಡುವುದು.

ನವೆಂಬರ್ 18, ಮಧ್ಯಾಹ್ನ
ಮಣಿಪಾಲ. ಸರ್ ರೂಮಿಗೆ ಹೋದರೆ ಬ್ರಯಾನ್ ಮೊದಲೇ ಬಂದು ಕೂತಿದ್ದ. ಲ್ಯಾಪ್‌ಟಾಪ್ ನನ್ನತ್ತ ತಿರುಗಿಸಿದ.
"ಕಡೆಗೂ ನಿನ್ನ ಕಾಲು ಹಿಡಿದೆ ಮಾರಾಯ್ತಿ! ಪಾಯಿಂಟ್ ಟು ಫೈವ್!"
"ಇಷ್ಟು ದಿನ ಎಷ್ಟು ಬರುತ್ತಿತ್ತು?" ಕೇಳಿದೆ.
"ಸೊನ್ನೆ. ಎರಡು ವರ್ಷ ಬರೀ ಸೊನ್ನೆ. ನನ್ನ ಉಪಕರಣದ ಕ್ಯಾಲಿಬ್ರೇಶನ್ನೇ ಸರಿ ಇರಲಿಲ್ಲ ಅಲ್ವಾ? ಕಾಲು ಬರುವವರೆಗೆ ತಿದ್ದುತ್ತಾ ಹೋದೆ."
ಉಮಾನಾಥ ಸರ್ ಎದ್ದು ಅವನ ಕೈ ಕುಲುಕಿದರು. ಆಮೇಲೆ ನನ್ನ ಕಡೆ — "ನೀವು ಎಂತ ಹೇಳಲು ಬಂದದ್ದು ಭವ್ಯಶ್ರೀ?"
"ಎಂತ ಇಲ್ಲ ಸರ್" ಎಂದೆ. ಥೂ.

ನವೆಂಬರ್ 19
ಬಾಯಲ್ಲಿ ಬರುವುದಿಲ್ಲ. ಮೇಲ್ ಮಾಡುತ್ತೇನೆ. ಮೊದಲು ಬ್ರಯಾನ್‌ಗೆ. ಇಲ್ಲಿ ಬರೆದು ನೋಡುತ್ತೇನೆ —

ಬ್ರಯಾನ್, ನಿನ್ನ ಸೊನ್ನೆಯೇ ಸರಿ ಇತ್ತು. ಎರಡು ವರ್ಷವೂ ಸರಿ ಇತ್ತು. ನೀನು ಮಾಡಿದ ತಪ್ಪು ಒಂದೇ, ನನ್ನನ್ನು ನಂಬಿದ್ದು.